ಹತ್ತೊಂಬತ್ತು ಜನರ ಒಲೆ

ಇಷ್ಟು ವರ್ಷ ಮೇಷ್ಟ್ರ ಕೆಲಸ ಮಾಡಿದ್ದಕ್ಕೆ ಸರ್ಕಾರದಿಂದ ನನಗೆ ಬಂದಿರುವ ಪ್ರಶಂಸಾ ಪತ್ರ ಒಂದೇ ಒಂದು. ಅದೂ ಪಾಠ ಹೇಳಿದ್ದಕ್ಕಲ್ಲ, ಜನ ಎಣಿಸಿದ್ದಕ್ಕೆ. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ನಡೆದ ಜನಗಣತಿಯಲ್ಲಿ ನನ್ನನ್ನು ನಮ್ಮ ಹೊಳೆನರಸೀಪುರದ ನಮ್ಮದೇ ಬೀದಿಗೆ ಹಾಕಿದ್ದರು. ತರಬೇತಿಯಲ್ಲಿ ಹೇಳಿದ ನೂರು ಮಾತಿನಲ್ಲಿ ಉಳಿದವರು ತೊಂಬತ್ತೊಂಬತ್ತನ್ನು ಊಟದ ಬಿಡುವಿನಲ್ಲೇ ಮರೆತರು. ನಾನು ಹಾಗಲ್ಲ. ಎಲ್ಲಿ ತಪ್ಪಾಗಿಬಿಡುತ್ತದೋ ಎಂದು ಹೆದರುವವನಿಗೆ ನಿಯಮ ಅಂದರೆ ಕತ್ತಲಲ್ಲಿ ಸಿಕ್ಕಿದ ಗೋಡೆಯ ಹಾಗೆ, ಹಿಡಿದುಕೊಂಡೇ ನಡೆಯುತ್ತಾನೆ. ನಾನು ಹಿಡಿದುಕೊಂಡ ನಿಯಮ ಇದು: ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರೆಲ್ಲ ಒಂದು ಕುಟುಂಬ. ಸೂರು ಒಂದೋ ಎರಡೋ, ರಕ್ತ ಒಂದೋ ಬೇರೆಯೋ, ಅದನ್ನು ಕೇಳಬೇಕಾಗಿಲ್ಲ. ಒಲೆ ನೋಡು, ಬರಿ.

ನಮ್ಮ ದೊಡ್ಡಪ್ಪನ ಮನೆಯಲ್ಲಿ ಇಬ್ಬರು ಗಂಡುಮಕ್ಕಳೂ ಒಟ್ಟಿಗೇ ಇದ್ದಾರೆ ಎಂದು ಇಡೀ ಬೀದಿ ನಂಬಿತ್ತು. ಗಣತಿಗೆಂದು ಒಳಗೆ ಹೋದವನಿಗೆ ಹಿತ್ತಿಲ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೋವ್ ಕಾಣಿಸಿತು. ಹಿರಿಯ ಸೊಸೆ ಎರಡು ವರ್ಷದಿಂದ ಅಲ್ಲಿ ಬೇರೆ ಅಡುಗೆ ಮಾಡುತ್ತಿದ್ದಳಂತೆ. ನಾನು ಎರಡು ಕುಟುಂಬ ಎಂದು ಬರೆದೆ. ಗೋಡೆಯ ಮೇಲೂ ಎರಡು ನಂಬರು ಹಾಕಿದೆ. ದೊಡ್ಡಪ್ಪನ ಮಗ ನನ್ನ ಕೈಯಲ್ಲಿದ್ದ ಬಳಪ ನೋಡಿ, ‘ಲೋ, ಜನ ಎಣಿಸೋಕೆ ಬಂದ್ಯೋ, ಮನೆ ಪಾಲು ಮಾಡೋಕೆ ಬಂದ್ಯೋ?’ ಅಂದ. ಆ ವರ್ಷ ಅವರ ಮನೆಯ ಶ್ರಾದ್ಧಕ್ಕೆ ನಮ್ಮನ್ನು ಕರೆಯಲಿಲ್ಲ. ಮೇಲ್ವಿಚಾರಕರು ಮಾತ್ರ ಬೆನ್ನು ತಟ್ಟಿದರು. ಪ್ರಶಂಸಾ ಪತ್ರ ಬಂದದ್ದು ಹಾಗೆ.

ಅದಾಗಿ ಹಲವು ವರ್ಷಗಳ ಮೇಲೆ ನನ್ನನ್ನು ಮತ್ತೆ ಗಣತಿದಾರನನ್ನಾಗಿ ಮಾಡಿದ್ದು ಹಾಸನದಲ್ಲಿ. ಅಷ್ಟು ಹೊತ್ತಿಗೆ ನಾನು ಹಾಸನದ ಹೊರಭಾಗದ ಒಂದು ಸರ್ಕಾರಿ ಶಾಲೆಯಲ್ಲಿದ್ದೆ. ಹೊಳೆನರಸೀಪುರದಿಂದ ಬೆಳಿಗ್ಗೆ ಬಸ್ಸು ಹತ್ತುವುದು, ಸಂಜೆ ಬಸ್ಸಿಳಿಯುವುದು, ನಡುವೆ ಬಸ್ಸು ತಪ್ಪಿದರೆ ಏನು ಗತಿ ಎಂದು ಯೋಚಿಸುವುದು, ಇದೇ ಜೀವನ. ಹಾಸನ ಬೆಳೆಯುತ್ತಿತ್ತು. ಎಲ್ಲಿ ನೋಡಿದರೂ ಕಂಬಿ, ಜಲ್ಲಿ, ಇಟ್ಟಿಗೆ. ಕಟ್ಟುವವರು ಮಾತ್ರ ನಮ್ಮ ಕಡೆಯವರಲ್ಲ. ರಾಯಚೂರು, ಕೊಪ್ಪಳದ ಕಡೆಯಿಂದ ಗುಂಪುಗುಂಪಾಗಿ ಬಂದವರು. ನಮ್ಮ ಶಾಲೆಯ ಹಿಂದಿನ ಖಾಲಿ ಜಾಗದಲ್ಲೇ ಅವರ ನೀಲಿ ಟಾರ್ಪಾಲಿನ ಗುಡಾರಗಳಿದ್ದವು.

ಆಗ ರೇಷನ್ ಕಾರ್ಡುಗಳನ್ನು ಕಂಪ್ಯೂಟರಿಗೆ ಹಾಕುವ ಕಾಲ. ಮುಖದ ಫೋಟೋ, ಹೆಬ್ಬೆಟ್ಟಿನ ಗುರುತು, ಎಲ್ಲವೂ ಮಿಷಿನ್ನಿನಲ್ಲಿ. ಹಾಸನ ಪಟ್ಟಣದಲ್ಲಿ ಹೊರಗಿನಿಂದ ಬಂದ ಕೂಲಿಕಾರರಿಗೂ ಕಾರ್ಡು ಕೊಡಬೇಕು ಎಂದು ಒಬ್ಬ ಅಧಿಕಾರಿ ಮನಸ್ಸು ಮಾಡಿದರು. ಇದನ್ನು ನಾನು ಕೊಂಕಿನಿಂದ ಹೇಳುತ್ತಿಲ್ಲ. ಅವರ ಮನಸ್ಸು ಒಳ್ಳೆಯದೇ ಇತ್ತು. ಕಂಪ್ಯೂಟರು ಯಾರ ಊರನ್ನೂ ಕೇಳುವುದಿಲ್ಲ, ಹೆಬ್ಬೆಟ್ಟೊಂದಿದ್ದರೆ ಸಾಕು ಎಂದು ಅವರು ಸಭೆಯಲ್ಲಿ ಹೇಳಿದಾಗ ನಾನೂ ಚಪ್ಪಾಳೆ ತಟ್ಟಿದೆ. ಶಾಲೆಯ ಹಿಂದಿನ ಗುಡಾರಗಳನ್ನು ನನ್ನ ಪಾಲಿಗೆ ಹಾಕಿದರು. ಹತ್ತಿರವೇ ಇತ್ತಲ್ಲ, ಬಸ್ಸಿನ ಚಿಂತೆ ಇರಲಿಲ್ಲ.

ನಾನು ಹೋದಾಗ ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಉಳಿದಿದ್ದವಳು ಒಬ್ಬಳೇ, ಮೂವತ್ತರ ಆಸುಪಾಸಿನ ಹೆಂಗಸು. ಗಂಡ ಊರಲ್ಲಿ ಜ್ವರದಿಂದ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಈ ಗುಂಪಿನ ಜೊತೆ ಬಂದಿದ್ದಳು. ಗುಂಪಿಗೆಲ್ಲ ಅಡುಗೆ ಮಾಡುವುದು ಅವಳ ಕೆಲಸ. ನಾಲ್ಕಾರು ಸಂಸಾರದವರು ಒಟ್ಟಿಗೆ ಬಂದಾಗ ಹಾಗೆ ಮಾಡಿಕೊಳ್ಳುತ್ತಾರೆ. ಒಬ್ಬಳು ಒಲೆಯ ಮುಂದೆ ನಿಂತರೆ ಉಳಿದವರ ಕೈಗಳೆಲ್ಲ ಕೂಲಿಗೆ ಸಿಗುತ್ತವೆ. ಊರಿಗೆ ಹೋದರೆ ಅವರವರ ಮನೆ, ಅವರವರ ಒಲೆ.

ಇಲ್ಲಿ ಎಷ್ಟು ಒಲೆ ಎಂದು ಕೇಳಿದೆ. ಒಂದೇ ಅಂದಳು. ಎಷ್ಟು ಜನ ಉಣ್ಣುತ್ತೀರಿ ಅಂದೆ.

‘ಹತ್ತೊಂಬತ್ತು ಮಂದ್ರಿ ಮಾಸ್ತರ್ರ. ಒಂದಿನಾನೂ ಯಾರ್ನೂ ಹಸ್ದು ಮಲಗಿಸಿಲ್ರಿ’ ಎಂದಳು. ಆ ಮಾತಿನಲ್ಲಿದ್ದ ಹೆಮ್ಮೆ ನನಗೆ ಚೆನ್ನಾಗಿಯೇ ಕೇಳಿಸಿತು. ಆದರೆ ನನ್ನ ತಲೆಯಲ್ಲಿ ತರಬೇತಿಯ ವಾಕ್ಯ ಅದಕ್ಕಿಂತ ಜೋರಾಗಿ ಓಡುತ್ತಿತ್ತು. ಒಂದು ಒಲೆ, ಒಂದು ಕುಟುಂಬ. ಅರ್ಜಿಯಲ್ಲಿ ಇದ್ದ ಸಾಲುಗಳು ಸಾಲದೆ ಇನ್ನೊಂದು ಹಾಳೆ ಅಂಟಿಸಿದೆ. ಕುಟುಂಬದ ಯಜಮಾನ ಎಂಬಲ್ಲಿ ಗುಂಪಿನ ಮೇಸ್ತ್ರಿಯ ಹೆಸರು ಬರೆದೆ. ಆ ಒಲೆಯ ಯಜಮಾನಿ ನನ್ನ ಎದುರಿಗೇ ನಿಂತಿದ್ದಳು, ಆದರೆ ಸಹಿ ಮಾಡಲು ಬರುತ್ತಿದ್ದದ್ದು ಅವನಿಗೆ.

ಫೋಟೋ ತೆಗೆಯುವ ಶಿಬಿರ ನಮ್ಮ ಶಾಲೆಯ ಕೊಠಡಿಯಲ್ಲೇ ನಡೆಯಿತು. ಕಂಪ್ಯೂಟರಿನ ಮುಂದೆ ಕೂತವಳು ಅರಕಲಗೂಡಿನ ಕಡೆಯ ಹುಡುಗಿ, ಗುತ್ತಿಗೆ ಕೆಲಸದವಳು, ಬಾಯಿ ಜೋರು. ನನ್ನ ಅರ್ಜಿಯನ್ನೂ ಅಂಟಿಸಿದ ಹಾಳೆಯನ್ನೂ ಮಡಿಸಿ ಬಿಡಿಸಿ ನೋಡಿದಳು.

‘ಸಾ, ಇಷ್ಟೊಂದ್ ಜನ ಒಂದೇ ಮನೆಯೋರಾ?’

ನಾನು ಅವಳಿಗೆ ಒಲೆಯ ನಿಯಮವನ್ನು ವಿವರಿಸಿದೆ. ತೊಂಬತ್ತರ ದಶಕದ ಗಣತಿ, ಪ್ರಶಂಸಾ ಪತ್ರ, ಎಲ್ಲವನ್ನೂ ಸೇರಿಸಿಯೇ ವಿವರಿಸಿದೆ. ಅದು ಜನ ಎಣಿಸುವವರ ನಿಯಮ, ಅಕ್ಕಿ ಕೊಡುವವರದ್ದಲ್ಲ ಎಂದು ಅವಳಿಗಾದರೂ ಗೊತ್ತಿತ್ತೇನೋ. ‘ಅಂಗಂದ್ರೆ ಅಂಗೆ ಬುಡಿ, ನಿಮ್ ಮಾತು ಮೀರಕಾಯ್ತದಾ’ ಅಂದು ಕೀಲಿ ಒತ್ತತೊಡಗಿದಳು.

ಕಂಪ್ಯೂಟರು ಪ್ರತಿಯೊಬ್ಬರಿಗೂ ಯಜಮಾನನ ಜೊತೆ ಏನು ಸಂಬಂಧ ಎಂದು ಕೇಳಿತು. ಇತರೆ ಎಂದು ಹಾಕಿದರೆ ಯಾರಾದರೂ ಅನುಮಾನಪಟ್ಟಾರು ಎಂದು ನನಗೆ ಭಯ. ಹೀಗಾಗಿ ನಾವಿಬ್ಬರೂ ಕೂತು ಹದಿನೆಂಟು ಜನರಿಗೂ ಒಂದೊಂದು ನೆಂಟಸ್ತಿಕೆ ಹಚ್ಚಿದೆವು. ಮೇಸ್ತ್ರಿಗಿಂತ ನಾಲ್ಕೇ ವರ್ಷ ಚಿಕ್ಕವನು ಮಗನಾದ. ಇನ್ನೊಬ್ಬ ಅಳಿಯನಾದ. ಅಡುಗೆಯ ಹೆಂಗಸನ್ನು ತಂಗಿ ಮಾಡಿದೆವು. ಬೂದಿಯಲ್ಲಿ ಪಾತ್ರೆ ತಿಕ್ಕಿ ಅವಳ ಹೆಬ್ಬೆರಳು ನುಣ್ಣಗಾಗಿಹೋಗಿತ್ತು. ಮೂರು ಸಲ ಒತ್ತಿದರೂ ಮಿಷಿನ್ನು ಹಿಡಿಯಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ನಾಲ್ಕನೇ ಸಲ ಒತ್ತಿದಾಗ ಹಿಡಿಯಿತು. ಕೊಠಡಿಯಲ್ಲಿದ್ದವರೆಲ್ಲ ನಕ್ಕೆವು, ಅವಳೂ ನಕ್ಕಳು.

ಕಾರ್ಡು ಬಂತು. ಮೇಸ್ತ್ರಿ ಜೇಬಿಗೆ ಹಾಕಿಕೊಂಡ. ಎಷ್ಟೇ ಜನರಿದ್ದರೂ ಒಂದು ಕಾರ್ಡಿಗೆ ಕೊಡುವ ಅಕ್ಕಿಗೆ ಮಿತಿಯಿದೆ ಎಂಬುದು ಆಮೇಲೆ ತಿಳಿಯಿತು. ಐದು ಜನರ ಮನೆಗೆ ಸಿಗುವಷ್ಟೇ ಅಕ್ಕಿ ಹತ್ತೊಂಬತ್ತು ಜನರಿಗೆ ಸಿಕ್ಕಿತು. ಏನೂ ಇಲ್ಲದಿರುವುದಕ್ಕಿಂತ ಇದು ಎಷ್ಟೋ ವಾಸಿಯಲ್ಲವೇ ಎಂದು ನಾನು ನನ್ನನ್ನೇ ಸಮಾಧಾನಪಡಿಸಿಕೊಂಡೆ. ಸಮಾಧಾನ ಮಾಡಿಕೊಳ್ಳುವುದರಲ್ಲಿ ನಾನು ಚಿಂತೆ ಮಾಡುವುದರಲ್ಲಿರುವಷ್ಟೇ ನಿಪುಣ.

ಅವಳ ಹೆಣ್ಣುಮಕ್ಕಳು ನಮ್ಮ ಶಾಲೆಗೆ ಬರುತ್ತಿದ್ದರು. ಅಲ್ಲಿಯವರೆಗೆ ಮೂರು ಊರಲ್ಲಿ ಮೂರು ಶಾಲೆಗೆ ಹೋಗಿ ಎಲ್ಲಿಯೂ ಅಕ್ಷರ ಕೂಡಿಸಿ ಓದುವಷ್ಟು ದಿನ ನಿಂತಿರಲಿಲ್ಲ. ದೊಡ್ಡವಳು ನನ್ನ ತರಗತಿಯಲ್ಲಿ ನಾಲ್ಕೈದು ತಿಂಗಳಲ್ಲೇ ಓದು ಹಿಡಿದಳು. ಗೋಡೆ, ಬಸ್ಸಿನ ಬೋರ್ಡು, ಔಷಧಿ ಸೀಸೆ, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು.

ಅದೇ ಸಮಯಕ್ಕೆ ಶಾಲೆಯ ಬಿಸಿಯೂಟದ ಸಹಾಯಕಿ ಕೆಲಸ ಬಿಟ್ಟಳು. ಹತ್ತೊಂಬತ್ತು ಜನಕ್ಕೆ ಒಂದೇ ಕೈಯಲ್ಲಿ ಬೇಯಿಸುವವಳು ಶಾಲೆಯ ಹಿಂದೆಯೇ ಇದ್ದಾಳಲ್ಲ, ಅವಳೇ ಬರಲಿ ಎಂದು ಮುಖ್ಯೋಪಾಧ್ಯಾಯಿನಿ ಹೇಳಿದರು. ಆದರೆ ಈ ಜಿಲ್ಲೆಯ ವಾಸಿ ಎಂದು ತೋರಿಸಲು ಅವಳದೇ ಸಂಸಾರದ ಕಾರ್ಡು ಬೇಕು, ಒಂದು ತಿಂಗಳೊಳಗೆ ತಂದರೆ ಶಾಲಾ ಸಮಿತಿಯವರು ಒಪ್ಪುತ್ತಾರೆ ಎಂದರು. ಹಾಸನದ ಕಟ್ಟಡ ಮುಗಿಯುತ್ತ ಬಂದಿತ್ತು. ಗುಂಪು ಚನ್ನರಾಯಪಟ್ಟಣದ ಕಡೆಗೆ ಹೊರಡುವುದೂ ತಿಂಗಳೊಪ್ಪತ್ತಿನಲ್ಲೇ ಇತ್ತು. ಅವಳು ನನ್ನ ತರಗತಿಯ ಬಾಗಿಲಿಗೆ ಬಂದು ನಿಂತಳು.

‘ಆ ಕಾರ್ಡಿನಾಗಿಂದ ನಮ್ಮ ಮೂರ್ ಮಂದಿ ಹೆಸ್ರು ತಗದು ಬ್ಯಾರೆ ಮಾಡಿ ಕೊಡ್ರಿ ಮಾಸ್ತರ್ರ. ಈ ಹುಡುಗ್ಯಾರು ಒಂದ ಊರಾಗ, ಒಂದ ಸಾಲಿಗೆ ಹೋಗ್ಲಿ.’

ಅದೇನು ಮಹಾ, ಮಾಡಿಸಿಕೊಡುತ್ತೇನೆ ಎಂದೆ.

ಅರಕಲಗೂಡಿನ ಹುಡುಗಿಯನ್ನು ಕೇಳಿದೆ. ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಹೆಸರು ತೆಗೆಯಬೇಕಾದರೆ ಯಜಮಾನ ಬಂದು ಹೆಬ್ಬೆಟ್ಟು ಒತ್ತಬೇಕು. ಬೇರೆ ದಾರಿಯನ್ನು ಮಿಷಿನ್ನಿನಲ್ಲಿ ಇಟ್ಟಿಲ್ಲ.

ಮೇಸ್ತ್ರಿ ನನಗೆ ಕುರ್ಚಿ ಹಾಕಿಸಿದ, ಚಹಾ ತರಿಸಿದ. ಅಡುಗೆಯವಳು ಹೋದರೆ ಇನ್ನೊಬ್ಬಳನ್ನು ಕೂಲಿಯಿಂದ ಬಿಡಿಸಿ ಒಲೆಯ ಮುಂದೆ ನಿಲ್ಲಿಸಬೇಕು, ಅದು ಅವನಿಗೆ ಬೇಕಿರಲಿಲ್ಲ. ಅದನ್ನು ಅವನು ಹೇಳಲಿಲ್ಲ. ಕಾರ್ಡನ್ನು ಜೇಬಿನಿಂದ ತೆಗೆದು, ನಾನೇ ಬರೆಸಿದ ಸಾಲಿನ ಮೇಲೆ ಬೆರಳಿಟ್ಟು ನಕ್ಕ.

‘ನೀವ ತಂಗಿ ಅಂತ ಮಾಡಿ ಕೊಟ್ಟೀರಿ. ಒಡಹುಟ್ಟಿದಾಕೀನ ಹೆಂಗ್ ಹೊರಗ ಹಾಕ್ಲಿ ಹೇಳ್ರಿ ಮಾಸ್ತರ್ರ. ಮಂದಿ ಏನಂದಾರು?’

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ ಎಂಬುದನ್ನು ಬರೆಯದೆ ಬಿಡಬಹುದಿತ್ತು.

ಆಮೇಲೆ ನಾನು ಮಾಡಿದ್ದು ಇನ್ನೂ ಬುದ್ಧಿವಂತಿಕೆಯ ಕೆಲಸ. ಹಾಸನದಲ್ಲಿ ಆಗದಿದ್ದರೆ ಏನು, ಹೊಸಬಳಂತೆ ಅರಕಲಗೂಡಿನಲ್ಲಿ ಅರ್ಜಿ ಹಾಕಲಿ ಎಂದು ಅವಳಿಗೆ ನಾನೇ ಹೇಳಿಕೊಟ್ಟೆ. ಯಾವತ್ತೂ ಟಿಕೆಟಿಲ್ಲದೆ ಬಸ್ಸು ಹತ್ತದವನು ಮೋಸಕ್ಕೂ ಕೈ ಹಾಕಿದೆ. ಅವಳು ಒಂದು ದಿನ ಒಲೆಯನ್ನು ಇನ್ನೊಬ್ಬಳಿಗೆ ಒಪ್ಪಿಸಿ ಅರಕಲಗೂಡಿಗೆ ಹೋಗಿ ಬಂದಳು. ಅಲ್ಲಿ ಫೋಟೋ ತೆಗೆದರು, ಹೆಬ್ಬೆಟ್ಟು ಒತ್ತಿಸಿಕೊಂಡರು. ವಾರಕ್ಕೊಮ್ಮೆ ಎಲ್ಲ ತಾಲ್ಲೂಕಿನ ಹೆಬ್ಬೆಟ್ಟುಗಳನ್ನು ಒಂದು ಕಡೆ ಸೇರಿಸಿ ತಾಳೆ ನೋಡುತ್ತಿದ್ದರು. ಎಂಟನೇ ದಿನಕ್ಕೆ ಅರ್ಜಿ ವಾಪಸು ಬಂತು. ಈ ಹೆಬ್ಬೆಟ್ಟು ಈಗಾಗಲೇ ಹಾಸನದಲ್ಲಿ ದಾಖಲಾಗಿದೆ. ನಾಲ್ಕನೇ ಸಲಕ್ಕೆ ಹಿಡಿದ ಹೆಬ್ಬೆಟ್ಟನ್ನು ಮಿಷಿನ್ನು ಚೆನ್ನಾಗಿಯೇ ಹಿಡಿದುಕೊಂಡಿತ್ತು.

ತಿಂಗಳಲ್ಲಿ ಹನ್ನೆರಡು ದಿನ ಕಳೆದಿದ್ದವು. ಕೊನೆಗೆ ರೇಷನ್ ಕಾರ್ಡಿನ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತ ನಮ್ಮ ಊರ ಪಕ್ಕದ ಹರದನಹಳ್ಳಿ ಕಡೆಯವನು, ಒಳ್ಳೆಯ ಮನುಷ್ಯ. ಕತೆಯೆಲ್ಲ ಕೇಳಿ ಪೆನ್ನಿನ ತುದಿಯನ್ನು ಮೇಜಿಗೆ ಕುಟ್ಟಿದ.

‘ಸಾ, ನೀವೇ ಒಂದ್ ಅರ್ಜಿ ಬರ್ಕೊಟ್ಬುಡಿ. ಇವು ಬ್ಯಾರೆ ಬ್ಯಾರೆ ಸಂಸಾರ, ನಾನೇ ತಪ್ಪಾಗಿ ಬರ್ದೆ ಅಂತ. ಗಣತಿ ಮಾಡ್ದೋರ ತಪ್ಪು ಅಂದ್ರೆ ನಮ್ ಸಾಹೇಬ್ರೇ ಇಲ್ಲೇ ತಿದ್ಬೋದು. ನಾಕ್ ದಿನದ್ ಕೆಲ್ಸ ಕಣ್ ಸಾ.’

ಒಂದೇ ವಾಕ್ಯ ಸಾಕಾಗಿತ್ತು. ಮನೆಗೆ ಬರುವ ಬಸ್ಸಿನಲ್ಲೇ ಅದನ್ನು ಮನಸ್ಸಿನಲ್ಲಿ ಬರೆದೂ ಆಗಿತ್ತು. ಹೊಳೆನರಸೀಪುರದಲ್ಲಿ ಇಳಿಯುವ ಹೊತ್ತಿಗೆ ಚಿಂತೆ ಶುರುವಾಯಿತು.

ಆ ವರ್ಷ ನಾನು ಊರಿಗೆ ವರ್ಗಾವಣೆ ಕೇಳಿಕೊಂಡಿದ್ದೆ. ವರ್ಗಾವಣೆಯೂ ಕಂಪ್ಯೂಟರಿನ ಮೂಲಕವೇ. ಎಷ್ಟು ವರ್ಷ ಸೇವೆ, ಏನಾದರೂ ದೂರು ಇದೆಯೇ, ಎಲ್ಲವನ್ನೂ ಅದಕ್ಕೆ ಉಣ್ಣಿಸಿರುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ತಪ್ಪು ನನ್ನದು ಎಂದು ಸಹಿ ಹಾಕಿ ಕೊಟ್ಟರೆ ಒಂದು ಮೆಮೊ ಬರುತ್ತದೆ. ಮೆಮೊ ಸೇವಾ ಪುಸ್ತಕಕ್ಕೆ ಹೋಗುತ್ತದೆ. ಅಲ್ಲಿಂದ ಕಂಪ್ಯೂಟರಿಗೆ ಹೋಗುತ್ತದೆ. ಇದು ನಿಜವೇ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ ಯಾಕೆ ಕೇಳಿದ ಎಂದು ಅವರು ಯೋಚಿಸುತ್ತಾರಲ್ಲ, ಅದು ಇನ್ನೊಂದು ಚಿಂತೆ.

ಮೂರು ದಿನ ಬರೆದೆ, ಹರಿದೆ. ‘ನನ್ನ ತಪ್ಪು ತಿಳುವಳಿಕೆಯಿಂದ’ ಎಂದು ಬರೆದೆ, ಹರಿದೆ. ‘ಅಚಾತುರ್ಯದಿಂದ’ ಎಂದು ಬರೆದೆ. ಅದರಲ್ಲೂ ನಾನೇ ಇದ್ದೆ. ನನ್ನ ಹೆಂಡತಿ ಕಸದ ಬುಟ್ಟಿ ನೋಡಿ, ‘ಬರ್ದು ಕೊಡ್ಬಾರ್ದೇ? ನಿಮ್ಮನ್ನೇನು ಗಲ್ಲಿಗೆ ಹಾಕ್ತಾರಾ?’ ಅಂದಳು. ಅವಳಿಗೆ ಇಲಾಖೆ ಗೊತ್ತಿಲ್ಲ ಎಂದುಕೊಂಡೆ. ಕೊನೆಗೆ ಸದರಿ ಹತ್ತೊಂಬತ್ತು ಜನರ ಹೆಸರುಗಳು ‘ತಾಂತ್ರಿಕ ಕಾರಣಗಳಿಂದಾಗಿ’ ಒಂದೇ ಕಾರ್ಡಿನಲ್ಲಿ ಸೇರ್ಪಡೆಯಾಗಿರುತ್ತವೆ ಎಂಬ ವಾಕ್ಯ ಹುಟ್ಟಿತು. ಅದರಲ್ಲಿ ನಾನಿರಲಿಲ್ಲ. ಓದಿ ನೋಡಿದೆ, ಎಷ್ಟು ಹಗುರವಾಗಿತ್ತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಗುಮಾಸ್ತ ಅದನ್ನು ಓದಿದ. ಇನ್ನೊಮ್ಮೆ ಓದಿದ.

‘ಇದು ನಮ್ ಸಾಹೇಬ್ರ ಕೈಲಾಗಲ್ಲ ಕಣ್ ಸಾ. ಮಿಷಿನ್ ತಪ್ಪು ಅಂದ್ರೆ ಬೆಂಗ್ಳೂರ್ಗೆ ಓಯ್ತದೆ. ಇನ್ನೊಂದ್ ಹಾಳೆ ಕೊಡ್ಲಾ?’

ಅವನು ಹಾಳೆಯನ್ನು ನನ್ನ ಮುಂದೆ ಇಟ್ಟೇಬಿಟ್ಟಿದ್ದ. ಬೆಂಗಳೂರಿಗೇ ಹೋಗಲಿ, ಅಲ್ಲಿಯವರು ತಿಳಿದವರು ಎಂದೆ. ಅವನು ಸೀಲು ಒತ್ತಿ ನಕಲು ಕೊಟ್ಟ. ಆ ನಕಲನ್ನು ತಂದು ಅವಳ ಕೈಗೆ ಕೊಟ್ಟೆ, ಕೆಲಸ ನಡೆಯುತ್ತಿದೆ ಎನ್ನುವುದಕ್ಕೆ ಸಾಕ್ಷಿಯಾಗಿ. ಅವಳು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಿಷಿನ್ನಿನ ತಪ್ಪು ಅಂದರೆ ಮಿಷಿನ್ನಿನ ಮುಂದೆ ಕೂತವರ ತಪ್ಪೂ ಹೌದು ಎಂಬುದು ನನಗೆ ಹೊಳೆದಿರಲಿಲ್ಲ ಎಂದರೆ ಅರ್ಧ ಸುಳ್ಳು. ಅರಕಲಗೂಡಿನ ಹುಡುಗಿಯಿಂದ ವಿವರಣೆ ಕೇಳಿದರಂತೆ. ಕಚೇರಿಯ ಕಾರಿಡಾರಿನಲ್ಲಿ ಸಿಕ್ಕಾಗ, ‘ನಾನ್ ಅವತ್ತೇ ಕೇಳಿದ್ನಲ್ಲ ಸಾ’ ಅಂದಳು, ಅಷ್ಟೇ. ಮುಂದಿನ ಸಲ ಅವಳ ಗುತ್ತಿಗೆ ಮುಂದುವರಿಯಲಿಲ್ಲ. ಅದಕ್ಕೂ ನನ್ನ ಪತ್ರಕ್ಕೂ ಸಂಬಂಧವಿತ್ತೋ ಇಲ್ಲವೋ ನಾನು ವಿಚಾರಿಸಲಿಲ್ಲ.

ತಿಂಗಳು ಮುಗಿಯಿತು. ಬೆಂಗಳೂರಿನಿಂದ ಏನೂ ಬರಲಿಲ್ಲ. ಮುಖ್ಯೋಪಾಧ್ಯಾಯಿನಿ ಇನ್ನೂ ಹತ್ತು ದಿನ ತಡೆದು ನೋಡಿದರು, ಆಮೇಲೆ ಸಮಿತಿಯವರು ಇನ್ನೊಬ್ಬಳನ್ನು ತೆಗೆದುಕೊಂಡರು. ಗುಂಪು ಲಾರಿ ಹತ್ತಿದ ದಿನ ನಾನು ರಜೆ ಹಾಕಿದ್ದೆ. ಮರುದಿನ ಹಾಜರಿ ಪುಸ್ತಕದಲ್ಲಿ ಆ ಇಬ್ಬರು ಹುಡುಗಿಯರ ಹೆಸರಿನ ಮುಂದೆ ಗೈರು ಎಂದು ಹಾಕಿದೆ. ಒಂದು ತಿಂಗಳು ಹಾಗೇ ಹಾಕುತ್ತ ಹೋದೆ.

ವರ್ಗಾವಣೆಯ ಕರೆ ಬಂದದ್ದು ಆಮೇಲೆ. ಹಾಸನದಲ್ಲೇ ದೊಡ್ಡ ಹಾಲಿನಲ್ಲಿ ಪರದೆ ಕಟ್ಟಿ ಖಾಲಿ ಜಾಗಗಳನ್ನು ತೋರಿಸುತ್ತಿದ್ದರು. ನನ್ನ ಸರದಿ ಬಂದಾಗ ಹೊಳೆನರಸೀಪುರದ ಒಂದು ಶಾಲೆಯ ಮೇಲೆ ಬೆರಳು ತೋರಿಸಿದೆ. ಹತ್ತು ನಿಮಿಷದಲ್ಲಿ ಆದೇಶ ಅಚ್ಚಾಗಿ ಕೈಗೆ ಬಂತು, ಹಾಳೆ ಇನ್ನೂ ಬೆಚ್ಚಗಿತ್ತು. ಮೂವತ್ತು ಕಿಲೋಮೀಟರ್ ಬಸ್ಸಿನಲ್ಲಿ ಓಡಾಡುವವನ ಕಷ್ಟ ಕಂಪ್ಯೂಟರಿಗೆ ಅರ್ಥವಾಗಿತ್ತು.

ಬೆಂಗಳೂರಿನ ಉತ್ತರ ಅದಾಗಿ ಮೂರು ವಾರಕ್ಕೆ ಬಂತು. ಪರಿಶೀಲಿಸಲಾಗಿ ಯಾವುದೇ ತಾಂತ್ರಿಕ ದೋಷ ಕಂಡುಬಂದಿರುವುದಿಲ್ಲ, ಗಣತಿದಾರರು ನೀಡಿದ ಮಾಹಿತಿಯಂತೆಯೇ ದಾಖಲಾಗಿರುತ್ತದೆ, ಕಡತವನ್ನು ಮುಕ್ತಾಯಗೊಳಿಸಿದೆ. ಇಡೀ ವ್ಯವಹಾರದಲ್ಲಿ ಸತ್ಯ ಹೇಳಿದ ಕಾಗದ ಅದೊಂದೇ. ನಾನು ಮೆಮೊಗಾಗಿ ಕಾದೆ. ಟಪಾಲು ಬಂದಾಗಲೆಲ್ಲ ಮೊದಲು ನಾನೇ ಹೋಗಿ ನೋಡುತ್ತಿದ್ದೆ. ಮೆಮೊ ಬರಲೇ ಇಲ್ಲ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಸತ್ಯ ಬರೆದಿದ್ದರೂ ಹೀಗೆಯೇ ಇರುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಆ ಉತ್ತರವನ್ನು ಅವಳಿಗೆ ತಲುಪಿಸಬೇಕು ಎಂದು, ಗುಂಪು ಇರುವ ಜಾಗ ವಿಚಾರಿಸಿಕೊಂಡು ಒಂದು ಭಾನುವಾರ ಹೊರಟೆ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ, ಬೆಳಗೊಳದಲ್ಲಿ ಇಳಿದು ಜಿನನಾಥಪುರದ ದಾರಿಯಲ್ಲಿ ನಡೆದೆ. ಯಾತ್ರಿಕರಿಗೆಂದು ಕೋಣೆಗಳನ್ನು ಕಟ್ಟುತ್ತಿದ್ದರು. ಗುಡಾರಗಳು ಅವೇ. ಅವಳು ದೊಡ್ಡ ಪಾತ್ರೆಯಲ್ಲಿ ಸಾರು ತಿರುವುತ್ತಿದ್ದಳು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು, ಮಗುಚಿದ ಬಕೀಟಿನ ಮೇಲೆ ಗೋಣಿ ಹಾಕಿ ಕೂರಿಸಿದಳು. ಮಕ್ಕಳೆಲ್ಲಿ ಎಂದು ಕೇಳಿದೆ. ದೊಡ್ಡವಳು ಮರಳು ಜರಡಿ ಹಿಡಿಯಲು ಹೋಗಿದ್ದಾಳೆ, ಚಿಕ್ಕವಳು ನೀರು ತರಲು ಹೋಗಿದ್ದಾಳೆ ಅಂದಳು. ಇಲ್ಲಿಯ ಶಾಲೆ ದೂರ, ಹೇಗೂ ಮೂರು ತಿಂಗಳಿಗೆ ಇಲ್ಲಿಂದ ಎದ್ದು ಹೋಗುವುದೇ ಅಂತ ಸೇರಿಸಲಿಲ್ಲವಂತೆ.

ಕಾರ್ಡು ಆಗಲಿಲ್ಲ ಎಂದು ಹೇಳಿದೆ. ಅವಳಿಗೆ ಅದು ಗೊತ್ತೇ ಇತ್ತು. ಸೊಂಟದಿಂದ ಪ್ಲಾಸ್ಟಿಕ್ ಚೀಲ ತೆಗೆದು ನಾನು ಕೊಟ್ಟಿದ್ದ ನಕಲನ್ನು ಬಿಡಿಸಿದಳು. ಮಡಿಕೆಗಳಲ್ಲಿ ಹರಿದಿತ್ತು.

‘ದೊಡ್ಡಾಕಿ ಇದನ್ನ ಪೂರ್ತಿ ಓದಿ ಹೇಳಿದ್ಳರಿ. ನಿಮ್ಮ ಕೈಯಾಗ ಕಲ್ತದ್ದಲ್ರಿ, ಎಲ್ಲೂ ನಿಂದರಲಿಲ್ಲ. ತಾಂತ್ರಿಕ ಅನ್ನೋದೊಂದು ತಿಳೀವಲ್ದು ಅಂದ್ಳು. ಅದು ಮಿಷಿನ್ ಮಾಡಿದ ತಪ್ಪಂತವಾ, ಮಾಸ್ತರ್ ಏನ್ ಮಾಡ್ತಾರ ಪಾಪ ಅಂತ ನಾ ಹೇಳಿದ್ನಿರಿ.’ ಕಾಗದದಿಂದ ತಲೆಯೆತ್ತಿ ನನ್ನನ್ನು ನೋಡಿದಳು. ‘ಹೌದಲ್ರಿ?’

ಬೆಂಗಳೂರಿನ ಉತ್ತರ ನನ್ನ ಜೇಬಿನಲ್ಲಿತ್ತು. ಸಂಜೆ ಆ ಹುಡುಗಿ ಬಂದರೆ ಅದನ್ನೂ ನಿಲ್ಲದೆ ಓದುತ್ತಾಳೆ.

ಹೌದು ಎಂದೆ. ಊಟ ಮಾಡಿಕೊಂಡು ಹೋಗಿ ಎಂದಳು. ಬಸ್ಸು ತಪ್ಪಿಹೋಗುತ್ತದೆ ಎಂದು ಹೇಳಿ ಎದ್ದು ಬಂದೆ.